ಕೇರ್ ಹೋಮ್‌ನಲ್ಲಿರುವ ಅಮ್ಮನ ಊಟ, ಮಾತು: ಸ್ಪೀಚ್ ಥೆರಪಿಸ್ಟ್ ಏನು ಮಾಡಬಹುದು?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಅಮ್ಮನಿಗೆ 74 ವರ್ಷ. ಮನೆಮಾತು ಹವ್ಯಕ ಕನ್ನಡ. ಮೂರು ತಿಂಗಳ ಹಿಂದೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲಿನ ಸ್ವಾಧೀನ ತಪ್ಪಿತು, ಮಾತೂ ನಿಂತಿತು. ಮಂಗಳೂರಿನ ಆಸ್ಪತ್ರೆಯಿಂದ ಮೂಗಿಗೆ ಟ್ಯೂಬ್ ಹಾಕಿ ಕಳಿಸಿದರು. ಮನೆಯಲ್ಲಿ ನೋಡಿಕೊಳ್ಳಲು ಆಗದೆ ಕಾಸರಗೋಡು ಪೇಟೆಯ ಹತ್ತಿರ ಒಂದು ಕೇರ್ ಹೋಮ್‌ನಲ್ಲಿ ಇಟ್ಟಿದ್ದೇವೆ. ಅಲ್ಲಿ ನರ್ಸ್ ಇದ್ದಾರೆ, ಫಿಸಿಯೋಥೆರಪಿಯವರು ಬರುತ್ತಾರೆ. ನಾನು ಹೋದಾಗ ಎರಡು ಚಮಚ ಗಂಜಿ ಕೊಟ್ಟೆ. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ‘ಇನ್ನು ಟ್ಯೂಬೇ ಗತಿ, ಬುದ್ಧಿಯೂ ಮಂಕಾಗಿದೆ, ಹೇಳಿದ್ದು ಅರ್ಥ ಆಗುವುದಿಲ್ಲ’ ಅಂತ ಅಲ್ಲಿಯವರು ಹೇಳುತ್ತಾರೆ. ಅಮೆರಿಕದಲ್ಲಿರುವ ತಂಗಿ, ಅಲ್ಲಿ ಇಂಥ ಕಡೆ ಸ್ಪೀಚ್ ಥೆರಪಿಸ್ಟ್ ಕಡ್ಡಾಯ ಇರುತ್ತಾರೆ, ಊಟವನ್ನೂ ಅವರೇ ನೋಡುತ್ತಾರೆ ಅನ್ನುತ್ತಾಳೆ. ನಿಜವಾ? ಮಾತಿನ ಥೆರಪಿಯವರಿಗೂ ಊಟಕ್ಕೂ ಏನು ಸಂಬಂಧ? ಮೂರು ತಿಂಗಳಾದ ಮೇಲೆ, ಈ ವಯಸ್ಸಿನಲ್ಲಿ ಪ್ರಯೋಜನ ಇದೆಯಾ?

ಉತ್ತರ: ಪ್ರಯೋಜನ ಇದೆ. ವಯಸ್ಸಾಗಲಿ, ಕಳೆದುಹೋದ ಮೂರು ತಿಂಗಳಾಗಲಿ ಅದಕ್ಕೆ ಅಡ್ಡಿ ಬರುವುದಿಲ್ಲ. ನಿಮ್ಮ ಪತ್ರ ಓದಿ ನನಗೆ ಬೇಸರ ಆದದ್ದು ಬೇರೆ ಕಾರಣಕ್ಕೆ. ಅಮ್ಮನ ಬಗ್ಗೆ ಎರಡು ದೊಡ್ಡ ತೀರ್ಮಾನ ಆಗಲೇ ಆಗಿಹೋಗಿದೆ. ಇನ್ನು ನುಂಗಲು ಆಗುವುದಿಲ್ಲ ಅನ್ನುವುದು ಒಂದು, ಹೇಳಿದ್ದು ಅರ್ಥ ಆಗುವುದಿಲ್ಲ ಅನ್ನುವುದು ಇನ್ನೊಂದು. ಈ ಎರಡನ್ನೂ ಪರೀಕ್ಷೆ ಮಾಡಿ ಹೇಳಬೇಕಾದ ವ್ಯಕ್ತಿ ಇನ್ನೂ ಅಮ್ಮನ ಹಾಸಿಗೆ ಹತ್ತಿರವೇ ಬಂದಿಲ್ಲ. ಕೇರ್ ಹೋಮ್‌ನವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಕೆಮ್ಮಿದ್ದನ್ನು ಕಂಡು ಹೆದರಿದ್ದಾರೆ, ಹೆದರಿದ್ದು ಸರಿಯೇ. ಆದರೆ ಹೆದರಿಕೆಯಿಂದ ನಿಲ್ಲಿಸುವುದು ಬೇರೆ, ಪರೀಕ್ಷೆ ಮಾಡಿ ನಿಲ್ಲಿಸುವುದು ಬೇರೆ ಅಲ್ವಾ?

ಊಟಕ್ಕೂ ಸ್ಪೀಚ್ ಥೆರಪಿಸ್ಟ್‌ಗಳಾದ ನಮಗೂ ಏನು ಸಂಬಂಧ ಅಂತ ಕೇಳಿದ್ದೀರಿ. ಮಾತಾಡಲು ಬೇಕಾದ ತುಟಿ, ನಾಲಿಗೆ, ಅಂಗುಳ, ಗಂಟಲು, ಧ್ವನಿಪೆಟ್ಟಿಗೆ, ಇವೇ ನುಂಗಲೂ ಬೇಕು. ಒಂದು ಗುಟುಕು ನೀರು ನುಂಗುವಾಗ ಮೂವತ್ತಕ್ಕೂ ಹೆಚ್ಚು ಸ್ನಾಯುಗಳು ಒಂದರ ಹಿಂದೆ ಒಂದು ಕೆಲಸ ಮಾಡುತ್ತವೆ. ಆ ಒಂದು ಕ್ಷಣ ಉಸಿರು ನಿಲ್ಲುತ್ತದೆ, ಧ್ವನಿಪೆಟ್ಟಿಗೆ ಮೇಲೆ ಎದ್ದು ಮುಚ್ಚಿಕೊಳ್ಳುತ್ತದೆ, ನೀರು ಅದರ ಹಿಂದಿನ ಅನ್ನನಾಳಕ್ಕೆ ಇಳಿಯುತ್ತದೆ. ಮುಚ್ಚುವುದು ಸ್ವಲ್ಪ ತಡವಾದರೆ ನೀರು ಶ್ವಾಸನಾಳಕ್ಕೆ ಹೋಗುತ್ತದೆ. ನೆತ್ತಿಗೆ ಹತ್ತಿತು ಅಂತ ನಾವು ಹೇಳುವುದು ಇದನ್ನೇ. ಗಟ್ಟಿಮುಟ್ಟಾಗಿ ಇರುವವರು ಕೆಮ್ಮಿ ಹೊರಗೆ ಹಾಕುತ್ತಾರೆ. ಸ್ಟ್ರೋಕ್ ಆದವರಲ್ಲಿ ಆ ಕೆಮ್ಮಿಗೆ ಬಲ ಇರುವುದಿಲ್ಲ, ಕೆಲವರಿಗೆ ಕೆಮ್ಮು ಬರುವುದೇ ಇಲ್ಲ. ಹೀಗೆ ಒಳಗೆ ಹೋದ ಊಟ, ನೀರು, ಎಂಜಲು ಶ್ವಾಸಕೋಶದಲ್ಲಿ ಸೋಂಕು ಮಾಡಿದರೆ ಅದು ಆಸ್ಪಿರೇಶನ್ ನ್ಯುಮೋನಿಯಾ. ಸ್ಟ್ರೋಕ್ ಆದವರಿಗೆ ದೊಡ್ಡ ಅಪಾಯಗಳಲ್ಲಿ ಇದೂ ಒಂದು.

ಸ್ಟ್ರೋಕ್ ಆದ ಮೊದಲ ದಿನಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ನುಂಗುವ ತೊಂದರೆ ಇರುತ್ತದೆ. ಅವರಲ್ಲಿ ತುಂಬಾ ಜನರಿಗೆ ಕೆಲವು ವಾರಗಳಲ್ಲಿ ಅದು ಸುಧಾರಿಸುತ್ತದೆ. ಮಂಗಳೂರಿನಲ್ಲಿ ಟ್ಯೂಬ್ ಹಾಕಿದ್ದು ಆ ದಿನದ ಸ್ಥಿತಿ ನೋಡಿ, ಅದು ಸರಿಯಾದ ನಿರ್ಧಾರವೇ. ಆದರೆ ಅದು ಆ ದಿನದ ನಿರ್ಧಾರ. ಮೂರು ತಿಂಗಳಲ್ಲಿ ಅಮ್ಮನ ಗಂಟಲು ಎಷ್ಟು ಚೇತರಿಸಿಕೊಂಡಿದೆ ಅಂತ ಯಾರಾದರೂ ನೋಡಿದ್ದಾರಾ? ಡಿಸ್ಚಾರ್ಜ್ ಸಮ್ಮರಿ ತೆಗೆದು ನೋಡಿ. ನುಂಗುವ ಪರೀಕ್ಷೆ ಮತ್ತೆ ಯಾವಾಗ ಮಾಡಬೇಕು ಅಂತ ಒಂದು ಸಾಲು ಇರಲೂಬಹುದು. ಎಷ್ಟೋ ಜನರ ಕಾಗದದಲ್ಲಿ ಆ ಸಾಲು ಇರುತ್ತದೆ, ಮನೆಯವರಿಗೆ ಅದನ್ನು ಯಾರೂ ಓದಿ ಹೇಳಿರುವುದಿಲ್ಲ.

ನಾವು ಬಂದರೆ ಮೊದಲು ಊಟ ಕೊಡುವುದಿಲ್ಲ, ನೋಡುತ್ತೇವೆ. ಎಚ್ಚರವಾಗಿದ್ದಾರಾ, ಕೂರಿಸಿದರೆ ತಲೆ ನಿಲ್ಲುತ್ತದಾ, ತಮ್ಮ ಎಂಜಲನ್ನು ತಾವೇ ನುಂಗುತ್ತಾರಾ ಅಥವಾ ಬಲಗಡೆ ಬಾಯಿಂದ ಸೋರುತ್ತದಾ. ಬಾಯಿ ತೆರೆಸಿ ನಾಲಿಗೆ ಎಷ್ಟು ಆಡುತ್ತದೆ, ಹಲ್ಲು ಎಷ್ಟಿವೆ, ಸೆಟ್ ಹಲ್ಲು ಸಡಿಲ ಆಗಿದೆಯಾ, ನಾಲಿಗೆ ಮೇಲೆ ಬಿಳಿ ಪದರ ಕಟ್ಟಿದೆಯಾ. ‘ಆ’ ಅನ್ನಿಸಿ ಧ್ವನಿ ಕೇಳುತ್ತೇವೆ, ಕೆಮ್ಮಿಸಿ ನೋಡುತ್ತೇವೆ. ಆಮೇಲೆ ಗಂಟಲ ಮೇಲೆ ಬೆರಳಿಟ್ಟು ಒಂದು ಸಣ್ಣ ಚಮಚದಷ್ಟು, ಬೇರೆ ಬೇರೆ ದಪ್ಪದ್ದನ್ನು ಕೊಟ್ಟು, ಧ್ವನಿಪೆಟ್ಟಿಗೆ ಏಳುವುದು, ನುಂಗಿದ ಮೇಲೆ ಧ್ವನಿ ಗೊರಗೊರ ಆಗುವುದು, ಉಸಿರಿನ ವೇಗ, ಕೆನ್ನೆಯ ಒಳಗೆ ಉಳಿದದ್ದು, ಇಷ್ಟನ್ನೂ ಒಟ್ಟಿಗೆ ಗಮನಿಸುತ್ತೇವೆ. ನೀವು ಕೊಟ್ಟ ಎರಡು ಚಮಚಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೆ.

ಹಾಸಿಗೆ ಪಕ್ಕದ ಪರೀಕ್ಷೆಗೂ ಮಿತಿ ಇದೆ. ಕೆಮ್ಮದೆ ಸದ್ದಿಲ್ಲದೆ ಒಳಗೆ ಇಳಿಯುವುದು ಹೊರಗಿನಿಂದ ಕಾಣುವುದಿಲ್ಲ. ಅನುಮಾನ ಬಂದರೆ ಎರಡರಲ್ಲಿ ಒಂದು ಪರೀಕ್ಷೆ ಬರೆದುಕೊಡುತ್ತೇವೆ. ಒಂದು ವಿಡಿಯೋಫ್ಲೋರೋಸ್ಕೋಪಿ, ಬೇರಿಯಂ ಬೆರೆಸಿದ ಊಟ ನುಂಗುವುದನ್ನು ಎಕ್ಸ್‌ರೇ ವಿಡಿಯೋದಲ್ಲಿ ನೋಡುವುದು. ಇನ್ನೊಂದು ಫೀಸ್, ಮೂಗಿನಿಂದ ಸಪೂರ ಕ್ಯಾಮರಾ ಇಳಿಸಿ ಗಂಟಲನ್ನು ಮೇಲಿನಿಂದ ನೋಡುವುದು. ಅದಕ್ಕೆ ದೊಡ್ಡ ಆಸ್ಪತ್ರೆಗೇ ಹೋಗಬೇಕು. ಅಮ್ಮನನ್ನು ಆಂಬುಲೆನ್ಸ್‌ನಲ್ಲಿ ತಲಪಾಡಿಯ ರಾಜ್ಯ ಗಡಿ ದಾಟಿಸಿ ಕರೆದುಕೊಂಡು ಹೋಗುವುದು ಸುಲಭದ ಮಾತಲ್ಲ, ಗೊತ್ತು. ಹೊರಡುವ ಮೊದಲು ಫೋನ್ ಮಾಡಿ ‘ನುಂಗುವ ಪರೀಕ್ಷೆ, ಫೀಸ್ ಅಥವಾ ವಿಡಿಯೋ ಸ್ವಾಲೋ ಮಾಡುತ್ತೀರಾ, ಯಾವ ದಿನ’ ಅಂತ ಹೆಸರು ಹಿಡಿದೇ ಕೇಳಿ. ಸುಮ್ನೆ ‘ಎಂಡೋಸ್ಕೋಪಿ’ ಅಂದರೆ ಹೊಟ್ಟೆಯದ್ದಕ್ಕೆ ಚೀಟಿ ಕೊಟ್ಟುಬಿಡುವ ಸಾಧ್ಯತೆ ಇದೆ.

ಈಗ ಗಂಜಿಯ ವಿಷಯ. ನಮ್ಮ ಕಡೆ ಯಾರು ಹುಷಾರಿಲ್ಲದೆ ಮಲಗಿದರೂ ಮೊದಲು ನೆನಪಾಗುವುದು ಗಂಜಿ. ಹೊಟ್ಟೆಗೆ ಅದು ಹಗುರ, ನಿಜ. ಆದರೆ ನುಂಗುವ ತೊಂದರೆ ಇರುವವರಿಗೆ ಕುಚ್ಚಿಲಕ್ಕಿ ಗಂಜಿಯಷ್ಟು ಕಷ್ಟದ್ದು ಕಡಿಮೆ. ಯಾಕೆ ಅಂದರೆ ಒಂದೇ ಚಮಚದಲ್ಲಿ ಎರಡು ಬಗೆ ಇರುತ್ತದೆ, ತೆಳ್ಳಗಿನ ತಿಳಿ ಮತ್ತು ಜಗಿಯಬೇಕಾದ ಅನ್ನದ ಕಾಳು. ಅನ್ನ ಬಾಯಲ್ಲಿ ಇರುವಾಗಲೇ ತಿಳಿ ಜಾರಿ ಗಂಟಲಿಗೆ ಹೋಗಿರುತ್ತದೆ, ಗಂಟಲು ಆಗ ಇನ್ನೂ ತಯಾರಾಗಿರುವುದಿಲ್ಲ. ಅನ್ನ ಸಾರು, ಸಾಂಬಾರಲ್ಲಿ ಮುಳುಗಿಸಿದ ಇಡ್ಲಿ, ಹಾಲಿಗೆ ಹಾಕಿದ ಅವಲಕ್ಕಿ, ಎಲ್ಲ ಇದೇ ಜಾತಿ. ನಿಮ್ಮ ಅಮ್ಮ ಗಂಜಿಗೆ ಕೆಮ್ಮಿದರು ಅನ್ನುವುದರಿಂದ ಅವರಿಗೆ ಏನೂ ನುಂಗಲು ಆಗುವುದಿಲ್ಲ ಅಂತ ಹೇಳಲು ಬರುವುದಿಲ್ಲ. ಗಂಜಿ ಆಗಲಿಲ್ಲ, ಅಷ್ಟೇ ಗೊತ್ತಾಗಿದೆ. ಇನ್ನೊಂದು ಸಂಗತಿಯನ್ನೂ ಗಮನಿಸಿ: ಅವರು ಕೆಮ್ಮಿದ್ದಾರೆ. ಕೆಮ್ಮು ಬಂದಿದೆ ಅಂದರೆ ಗಂಟಲಿಗೆ ಸ್ಪರ್ಶಜ್ಞಾನ ಸ್ವಲ್ಪವಾದರೂ ಉಳಿದಿದೆ. ಪರೀಕ್ಷೆ ಮಾಡುವವರಿಗೆ ಇದು ಮುಖ್ಯ ಸುಳಿವು, ಮರೆಯದೆ ಹೇಳಿ.

ಎಳನೀರು, ಕಾಫಿ, ಮಜ್ಜಿಗೆ, ತಂಬುಳಿ ಇವೆಲ್ಲ ತೆಳ್ಳಗೆ, ಬಾಯಲ್ಲಿ ನಿಲ್ಲದೆ ಓಡುತ್ತವೆ. ಐಸ್‌ಕ್ರೀಮ್ ಗಟ್ಟಿ ಅನ್ನಿಸಿದರೂ ಬಾಯಲ್ಲಿ ಕರಗಿ ನೀರೇ ಆಗುತ್ತದೆ. ಹಲವರಿಗೆ ಮೊದಲು ಸುಲಭ ಆಗುವುದು ಒಂದೇ ಹದ ಇರುವ, ನುಣ್ಣಗಿನ, ಚಮಚ ಓರೆ ಮಾಡಿದರೆ ಮುದ್ದೆಯಾಗಿ ಜಾರುವ, ಆದರೆ ಅಂಟದ ಆಹಾರ. ರಾಗಿ ಮಣ್ಣಿ ಸ್ವಲ್ಪ ಸಡಿಲವಾಗಿ ಮಾಡಿದ್ದು, ಬೇಯಿಸಿ ನಾರು ಮತ್ತು ಬೀಜ ತೆಗೆದು ಅರೆದ ನೇಂದ್ರ ಬಾಳೆ, ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿದ ಗಂಜಿಗೆ ಸ್ವಲ್ಪ ತುಪ್ಪ, ಇಂಥದ್ದು. ಅರೆದ ಅನ್ನ ತಣಿದರೆ ಗೋಂದಿನ ಹಾಗೆ ಅಂಟುತ್ತದೆ, ಅದು ಅಂಗುಳಕ್ಕೆ ಹಿಡಿದುಕೊಂಡರೆ ಇನ್ನೂ ಅಪಾಯ. ಹಾಗಾಗಿ ಬಿಸಿ ಇರುವಾಗ ಇದ್ದ ಹದವೇ ತಿನ್ನಿಸುವಾಗಲೂ ಇದೆಯಾ ಅಂತ ಪ್ರತಿ ಸಲ ನೋಡಬೇಕು. ಇದನ್ನು ಓದಿ ನಾಳೆಯೇ ನೀವಾಗಿ ಶುರು ಮಾಡಬೇಡಿ. ಯಾವ ಹದ ಅಮ್ಮನಿಗೆ ಆಗುತ್ತದೆ ಅಂತ ಪರೀಕ್ಷೆಯಲ್ಲಿ ಗೊತ್ತಾದ ಮೇಲೆ, ಅಡುಗೆಮನೆಯಲ್ಲಿ ಇರುವ ಯಾವುದರಿಂದ ಆ ಹದ ಬರುತ್ತದೆ ಅಂತ ತಿಳಿಯಲು ಇದು.

ಈ ಹದಕ್ಕೆ ಜಗತ್ತಿನಾದ್ಯಂತ ಬಳಸುವ ಒಂದು ಅಳತೆ ಇದೆ, ಇಡ್ಸಿ ಅಂತ. 0 ಇಂದ 7ರವರೆಗೆ ಹಂತಗಳು. ನೀರು 0, ನುಣ್ಣಗೆ ಅರೆದದ್ದು 4, ನಾವು ದಿನಾ ತಿನ್ನುವ ಊಟ 7. ನನಗೆ ಇದರಲ್ಲಿ ಇಷ್ಟವಾದದ್ದು, ಅಳೆಯಲು ದೊಡ್ಡ ಯಂತ್ರ ಬೇಡ. ಮೆಡಿಕಲ್ ಶಾಪಿನ 10 ಮಿ.ಲೀ. ಸಿರಿಂಜ್ ಸಾಕು, 0 ಗುರುತಿನಿಂದ 10ರ ಗುರುತಿಗೆ 61.5 ಮಿ.ಮೀ. ಉದ್ದ ಇರುವಂಥದ್ದು. ಪಿಸ್ಟನ್ ತೆಗೆದು, ತುದಿಗೆ ಬೆರಳಿಟ್ಟು, 10ರವರೆಗೆ ದ್ರವ ತುಂಬಿ, ಬೆರಳು ತೆಗೆದು 10 ಸೆಕೆಂಡ್ ಎಣಿಸಿ ಮತ್ತೆ ಮುಚ್ಚಿ. ಒಳಗೆ ಉಳಿದದ್ದು 1 ಮಿ.ಲೀ.ಗಿಂತ ಕಡಿಮೆ ಇದ್ದರೆ ಹಂತ 0, 1ರಿಂದ 4 ಉಳಿದರೆ ಹಂತ 1, 4ರಿಂದ 8 ಉಳಿದರೆ ಹಂತ 2, 8ಕ್ಕಿಂತ ಹೆಚ್ಚು ಉಳಿದು ಸ್ವಲ್ಪವಾದರೂ ಇಳಿದಿದ್ದರೆ ಹಂತ 3, ಒಂದು ಹನಿಯೂ ಇಳಿಯದಿದ್ದರೆ ಹಂತ 4. ‘ಸ್ವಲ್ಪ ದಪ್ಪ ಮಾಡಿ ಕೊಡಿ’ ಅಂದರೆ ಬೆಳಿಗ್ಗೆಯ ನರ್ಸ್‌ಗೆ ಒಂದು ಅರ್ಥ, ರಾತ್ರಿಯವರಿಗೆ ಇನ್ನೊಂದು ಅರ್ಥ. ‘ಹಂತ 2’ ಅಂತ ಬರೆದು ಸಿರಿಂಜ್ ಕೈಗೆ ಕೊಟ್ಟರೆ ಇಬ್ಬರೂ ಒಂದೇ ಹದಕ್ಕೆ ಬರುತ್ತಾರೆ.

ದಪ್ಪ ಮಾಡುವ ಪುಡಿ ಪೇಟೆಯಲ್ಲೂ ಸಿಗುತ್ತದೆ, ಆನ್‌ಲೈನ್‌ನಲ್ಲೂ ಸಿಗುತ್ತದೆ. ಪಿಷ್ಟದಿಂದ ಮಾಡಿದ್ದು ಎಂಜಲು ತಾಗಿದರೆ ಮತ್ತೆ ತೆಳ್ಳಗಾಗುತ್ತದೆ, ಕ್ಸಾಂಥನ್ ಗಮ್‌ನಿಂದ ಮಾಡಿದ್ದು ಹದ ಉಳಿಸಿಕೊಳ್ಳುತ್ತದೆ. ಆದರೆ ಇದನ್ನು ಎಲ್ಲರಿಗೂ ಬರೆದುಕೊಡುವುದು ನನಗೆ ಸರಿ ಕಾಣುವುದಿಲ್ಲ. ದಪ್ಪ ನೀರು ಯಾರಿಗೂ ರುಚಿಸುವುದಿಲ್ಲ, ಕುಡಿಯುವುದು ಕಡಿಮೆ ಆಗುತ್ತದೆ, ಬೇಸಿಗೆಯಲ್ಲಿ ನಿರ್ಜಲೀಕರಣ ಬಂದು ಮೂತ್ರದ ಸೋಂಕಿಗೆ ದಾರಿ ಆಗುತ್ತದೆ. ನ್ಯುಮೋನಿಯಾವನ್ನು ಅದು ಖಂಡಿತ ತಡೆಯುತ್ತದೆ ಅನ್ನಲು ಗಟ್ಟಿ ಪುರಾವೆಯೂ ಇಲ್ಲ. ಕೊಟ್ಟರೆ ಲಾಭ ಎಷ್ಟು, ತೊಂದರೆ ಎಷ್ಟು ಅಂತ ಒಬ್ಬೊಬ್ಬರಿಗೂ ಬೇರೆ ಬೇರೆ ನೋಡಬೇಕು. ಬರೆದುಕೊಟ್ಟು ಮರೆತುಬಿಡಬಾರದು.

ಟ್ಯೂಬ್ ಇದ್ದರೆ ನ್ಯುಮೋನಿಯಾ ಭಯ ಇಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಹಾಗಿಲ್ಲ. ಎಂಜಲು ದಿನವಿಡೀ ಬಾಯಲ್ಲಿ ಊರುತ್ತದೆ, ಅದು ಒಳಗೆ ಇಳಿಯುವುದನ್ನು ಟ್ಯೂಬ್ ತಡೆಯುವುದಿಲ್ಲ. ಹೊಟ್ಟೆಗೆ ಹಾಕಿದ್ದು ಮೇಲೆ ಉಕ್ಕಿ ಬರಲೂಬಹುದು. ಅದಕ್ಕೇ ಟ್ಯೂಬಿನಲ್ಲಿ ಕೊಡುವಾಗ, ಕೊಟ್ಟ ಮೇಲೂ ಸ್ವಲ್ಪ ಹೊತ್ತು, ತಲೆಕಡೆ 30ರಿಂದ 45 ಡಿಗ್ರಿ ಎತ್ತರಿಸಿಯೇ ಇರಬೇಕು. ಅದಕ್ಕಿಂತ ಮುಖ್ಯ ಬಾಯಿಯ ಸ್ವಚ್ಛತೆ. ಬಾಯಿಂದ ತಿನ್ನದವರಿಗೆ ಹಲ್ಲುಜ್ಜುವುದು ಯಾಕೆ ಅಂತ ಕೇಳುತ್ತಾರೆ. ತಿನ್ನದವರ ಬಾಯಿಯೇ ಬೇಗ ಕೆಡುವುದು, ಕ್ರಿಮಿ ತುಂಬಿದ ಎಂಜಲು ಒಳಗೆ ಇಳಿದರೆ ಸೋಂಕು ಜಾಸ್ತಿ. ಮೆತ್ತಗಿನ ಬ್ರಷ್‌ನಿಂದ ಹಲ್ಲು, ವಸಡು, ನಾಲಿಗೆ ದಿನಕ್ಕೆ ಎರಡು ಸಲವಾದರೂ ಉಜ್ಜಿ, ನೀರು ಬಾಯಲ್ಲಿ ನಿಲ್ಲದ ಹಾಗೆ ಒರೆಸಬೇಕು, ಸೆಟ್ ಹಲ್ಲನ್ನು ರಾತ್ರಿ ತೆಗೆದಿಡಬೇಕು. ಇದಕ್ಕೆ ಯಾರ ಚೀಟಿಯೂ ಬೇಡ. ಈ ವಾರ ಹೋದಾಗ ಅಮ್ಮನ ಬಾಯಿ ತೆರೆದು ನೋಡಿ, ಕೇರ್ ಹೋಮ್ ಬಗ್ಗೆ ನಿಮಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಇನ್ನೊಂದು ಮಾತು, ಮಾತ್ರೆಗಳನ್ನು ಪುಡಿ ಮಾಡಿ ಟ್ಯೂಬಿಗೆ ಹಾಕುತ್ತಿದ್ದರೆ ಯಾವುದನ್ನು ಪುಡಿ ಮಾಡಬಹುದು ಅಂತ ಡಾಕ್ಟರ್ ಹತ್ತಿರ ಕೇಳಿ. ನಿಧಾನವಾಗಿ ಕರಗಬೇಕಾದ ಮಾತ್ರೆಗಳನ್ನು ಪುಡಿ ಮಾಡಬಾರದು.

ತಂಗಿ ಹೇಳಿದ್ದು ಬಹುಮಟ್ಟಿಗೆ ನಿಜ. ಅಮೆರಿಕದಲ್ಲಿ ಸ್ಕಿಲ್ಡ್ ನರ್ಸಿಂಗ್ ಫೆಸಿಲಿಟಿ ಅನ್ನುವುದು ಆಸ್ಪತ್ರೆಗೂ ಮನೆಗೂ ನಡುವಿನ ಒಂದು ವ್ಯವಸ್ಥೆ. ಕನಿಷ್ಠ 3 ದಿನ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಇದ್ದು ಬಂದವರಿಗೆ ಅಲ್ಲಿನ ಸರಕಾರಿ ವಿಮೆ ಮೆಡಿಕೇರ್ ಒಂದು ಅವಧಿಗೆ 100 ದಿನಗಳವರೆಗೆ ಖರ್ಚು ನೋಡುತ್ತದೆ, ಮೊದಲ 20 ದಿನ ಪೂರ್ತಿ, ಆಮೇಲೆ ರೋಗಿಯೂ ದಿನಕ್ಕೆ ಇಷ್ಟು ಅಂತ ಕಟ್ಟಬೇಕು. ಫಿಸಿಯೋ, ಆಕ್ಯುಪೇಶನಲ್ (ದಿನನಿತ್ಯದ ಕೆಲಸ ತಾವೇ ಮಾಡಿಕೊಳ್ಳಲು ಕಲಿಸುವುದು), ಸ್ಪೀಚ್, ಈ ಮೂರು ಥೆರಪಿಗಳನ್ನು ಅಗತ್ಯ ಇರುವವರಿಗೆ ಆ ಸಂಸ್ಥೆ ತಾನೇ ಕೊಡಬೇಕು, ಇಲ್ಲದಿದ್ದರೆ ಹೊರಗಿನಿಂದ ಕರೆಸಬೇಕು. ಕಡ್ಡಾಯ ಅಂದರೆ ಈ ಅರ್ಥದಲ್ಲಿ. ಪ್ರತಿ ಕಡೆ ದಿನವಿಡೀ ಒಬ್ಬರು ಕೂತಿರುತ್ತಾರೆ ಅಂತ ಅಲ್ಲ. ಅಲ್ಲಿಗೆ ಬರುವ ಸ್ಪೀಚ್ ಥೆರಪಿಸ್ಟ್‌ಗಳ ಸಮಯ ಜಾಸ್ತಿ ಹೋಗುವುದು ನುಂಗುವ ತೊಂದರೆಗೆ. ಆಮೇಲೆ ನೆನಪು ಮತ್ತು ಗಮನದ ತೊಂದರೆ, ಮಾತು, ಪಾರ್ಕಿನ್ಸನ್ ರೋಗದವರ ಕುಗ್ಗಿದ ಧ್ವನಿ, ಟ್ರಾಕಿಯಾಸ್ಟಮಿ, ಅಂದರೆ ಉಸಿರಾಡಲು ಕುತ್ತಿಗೆಯಲ್ಲಿ ತೂತು, ಮಾಡಿದವರಿಗೆ ಮಾತಾಡುವ ವಾಲ್ವ್ ಹೊಂದಿಸುವುದು.

ಅಲ್ಲೂ ಎಲ್ಲ ಸರಿಯಾಗಿಲ್ಲ. 2019ರ ಅಕ್ಟೋಬರ್‌ವರೆಗೆ ಎಷ್ಟು ನಿಮಿಷ ಥೆರಪಿ ಕೊಟ್ಟರು ಅನ್ನುವುದರ ಮೇಲೆ ಮೆಡಿಕೇರ್ ಹಣ ಸಿಗುತ್ತಿತ್ತು. ಆಮೇಲೆ ರೋಗಿಯ ಸ್ಥಿತಿ ನೋಡಿ ಕೊಡುವ ಪದ್ಧತಿ ಬಂತು. ಸ್ಪೀಚ್ ಥೆರಪಿಯ ಮಟ್ಟಿಗೆ ನರಸಂಬಂಧಿ ಕಾಯಿಲೆ ಇದೆಯಾ, ನೆನಪಿನ ತೊಂದರೆ ಇದೆಯಾ, ನುಂಗುವ ತೊಂದರೆ ಇದೆಯಾ, ಊಟದ ಹದ ಬದಲಿಸಿದ್ದಾರಾ, ಇಂಥವನ್ನೆಲ್ಲ ಲೆಕ್ಕಕ್ಕೆ ಹಿಡಿಯುತ್ತಾರೆ. ಆದರೆ ಅವರ ಎರಡು ಮಾತು ನಮಗೂ ಬೇಕು ಅಂತ ನಾನು ಬಲವಾಗಿ ನಂಬುತ್ತೇನೆ. 1987ರ ಅವರ ನರ್ಸಿಂಗ್ ಹೋಮ್ (ಅಲ್ಲಿ ಅದು ನಮ್ಮ ಕೇರ್ ಹೋಮ್‌ನಂಥದ್ದು) ಕಾನೂನು, ಒಳಗಿರುವ ಪ್ರತಿಯೊಬ್ಬರೂ ತಮಗೆ ಸಾಧ್ಯವಾದ ಅತ್ಯುತ್ತಮ ಸ್ಥಿತಿಯಲ್ಲಿ ಇರಲು ಬೇಕಾದ್ದನ್ನು ಸಂಸ್ಥೆ ಮಾಡಬೇಕು ಅನ್ನುತ್ತದೆ. ಮೆಡಿಕೇರ್ ಬಗ್ಗೆ ಕೋರ್ಟಿಗೆ ಹೋದ ಜಿಮ್ಮೋ ಪ್ರಕರಣದ 2013ರ ಒಪ್ಪಂದದಲ್ಲಿ, ರೋಗಿ ಸುಧಾರಿಸಿದರೆ ಮಾತ್ರ ಥೆರಪಿ ಅನ್ನುವಂತಿಲ್ಲ, ಇದ್ದ ಶಕ್ತಿ ಕುಸಿಯದ ಹಾಗೆ ಕಾಯಲು ತಜ್ಞರೇ ಬೇಕಾದರೆ ಅದಕ್ಕೂ ಕೊಡಬೇಕು ಅಂತ ಸ್ಪಷ್ಟವಾಯಿತು. ‘ಇನ್ನು ಏನು ಸರಿ ಆಗಲಿಕ್ಕಿದೆ’ ಅಂತ ಯಾರಾದರೂ ನಿಮಗೆ ಹೇಳಿದರೆ ಇದನ್ನು ನೆನಪಿಸಿಕೊಳ್ಳಿ.

ಇನ್ನು ‘ಬುದ್ಧಿ ಮಂಕಾಗಿದೆ’ ಅನ್ನುವ ಮಾತು. ನನಗೆ ಇದೇ ಜಾಸ್ತಿ ನೋವು ಕೊಟ್ಟದ್ದು.

ಬಲಗೈ ಬಲಗಾಲು ಹೋಗಿದೆ ಅಂದರೆ ಪೆಟ್ಟು ಬಿದ್ದಿರುವುದು ಮೆದುಳಿನ ಎಡಭಾಗಕ್ಕೆ. ಹೆಚ್ಚಿನವರಲ್ಲಿ ಭಾಷೆಯ ಕೆಲಸ ನಡೆಯುವುದೂ ಅಲ್ಲೇ. ಅಲ್ಲಿ ಪೆಟ್ಟಾದರೆ ಬರುವ ತೊಂದರೆಗೆ ಅಫೇಸಿಯಾ ಅನ್ನುತ್ತೇವೆ. ಮಾತು ಸಿಗುವುದಿಲ್ಲ, ಅಥವಾ ಒಂದೇ ಮಾತು ಮತ್ತೆ ಮತ್ತೆ ಬರುತ್ತದೆ, ಅಥವಾ ಕೇಳಿದ್ದು ಪೂರ್ತಿ ಹಿಡಿಯುವುದಿಲ್ಲ. ಆದರೆ ಮನುಷ್ಯ ಒಳಗೆ ಹಾಗೆಯೇ ಇರುತ್ತಾರೆ. ಮಕ್ಕಳು ಯಾರು, ಮನೆ ಯಾವುದು, ಅವಮಾನ ಯಾವುದು, ಎಲ್ಲ ಗೊತ್ತಿರುತ್ತದೆ. ಮಾತಿನಲ್ಲಿ ಕೇಳಿ ಮಾತಿನಲ್ಲೇ ಉತ್ತರ ಬಯಸುವ ನೆನಪಿನ ಪರೀಕ್ಷೆಯಲ್ಲಿ ಇವರಿಗೆ ಅಂಕ ಕಡಿಮೆಯೇ ಬರುವುದು, ನೆನಪು ಎಷ್ಟೇ ಚೆನ್ನಾಗಿದ್ದರೂ.

ಅದರ ಮೇಲೆ ನಮ್ಮ ಜಿಲ್ಲೆಯ ಕಷ್ಟ ಒಂದಿದೆ. ಅಮ್ಮನ ಮನೆಮಾತು ಹವ್ಯಕ ಕನ್ನಡ. ತೋಟದ ಕೆಲಸದವರ ಹತ್ತಿರ ತುಳು ಮಾತಾಡಿರುತ್ತಾರೆ, ಪೇಟೆಗೆ ಬಂದರೆ ಮಲಯಾಳಂ ಬೇಕಾದಷ್ಟು ಬರುತ್ತಿರುತ್ತದೆ. ಕೇರ್ ಹೋಮ್‌ನಲ್ಲಿ ಅವರ ಹತ್ತಿರ ಇರುವವರು ಯಾರು? ಹೆಚ್ಚಾಗಿ ಮಲಯಾಳಂ ಮಾತಾಡುವ, ಆರೈಕೆ ಮಾಡುವ ಚೇಚಿಯರು (ಚೇಚಿ ಅಂದರೆ ಅಕ್ಕ), ಕೆಲವು ಕಡೆ ಹಿಂದಿ ಮಾತ್ರ ಗೊತ್ತಿರುವ ಹುಡುಗಿಯರು. ಸ್ಟ್ರೋಕ್ ಆದ ಮೇಲೆ ಒಬ್ಬರಿಗೆ ಗೊತ್ತಿದ್ದ ಭಾಷೆಗಳೆಲ್ಲ ಒಂದೇ ಹದದಲ್ಲಿ ಮರಳಿ ಬರಬೇಕೆಂದಿಲ್ಲ. ಕೆಲವರಿಗೆ ಎಲ್ಲ ಒಟ್ಟಿಗೆ ಸುಧಾರಿಸುತ್ತವೆ, ಕೆಲವರಿಗೆ ಒಂದು ಬೇಗ, ಇನ್ನೊಂದು ನಿಧಾನ, ಒಂದೊಂದು ಸಲ ಒಂದು ಭಾಷೆ ಮರಳುವುದೇ ಇಲ್ಲ. ಮಲಯಾಳಂನಲ್ಲಿ ‘ವೆಳ್ಳಂ ವೇಣೋ’ (ನೀರು ಬೇಕಾ) ಅಂದದ್ದಕ್ಕೆ ತಿರುಗಿ ನೋಡದವರು ಹವ್ಯಕದಲ್ಲಿ ‘ಆಸರಿಂಗೆ ಬೇಕೊ’ (ಕುಡಿಯಲು ಬೇಕಾ) ಅಂದರೆ ಕಣ್ಣರಳಿಸಬಹುದು. ಅರ್ಥ ಆಗುವುದಿಲ್ಲ ಅಂತ ಕೇರ್ ಹೋಮ್‌ನವರು ಹೇಳಿದ್ದು ಯಾವ ಭಾಷೆಯಲ್ಲಿ ಕೇಳಿದ ಮೇಲೆ? ಇದನ್ನು ಅವರ ಹತ್ತಿರ ಸಮಾಧಾನದಿಂದ, ಆದರೆ ಬಿಡದೆ ಕೇಳಿ.

ಅಫೇಸಿಯಾ ಅಳೆಯುವ ವೆಸ್ಟರ್ನ್ ಅಫೇಸಿಯಾ ಬ್ಯಾಟರಿಗೆ ಕನ್ನಡ ರೂಪವೂ ಇದೆ, ಮಲಯಾಳಂ ರೂಪವೂ ಇದೆ. ಆದರೆ ಅದರ ಕನ್ನಡ ಪುಸ್ತಕದ ಕನ್ನಡ. ಪೆರ್ಲದ ಹವ್ಯಕ ಮನೆಯಲ್ಲಿ ಬೆಳೆದವರಿಗೂ, ಉಪ್ಪಳದಲ್ಲಿ ತುಳು ಮಾತಾಡುವವರಿಗೂ, ಮಂಜೇಶ್ವರದ ಕೊಂಕಣಿಯವರಿಗೂ ಅದು ಎರಡನೆಯ ಮಾತು. ಹಾಗಾಗಿ ಪರೀಕ್ಷೆಯ ದಿನ ಮನೆಯವರೊಬ್ಬರು ಪಕ್ಕದಲ್ಲಿ ಇರಲೇಬೇಕು. ನೀವಲ್ಲದಿದ್ದರೆ ಅಮ್ಮನ ಜೊತೆ ದಿನಾ ಮಾತಾಡುತ್ತಿದ್ದ ಯಾರಾದರೂ ಸರಿ, ಅವರ ತಂಗಿಯೋ, ನೆರೆಮನೆಯವರೋ. ಕನ್ನಡಕ, ಕಿವಿಯ ಮೆಶಿನ್ ಇದ್ದರೆ ಅದನ್ನೂ ತನ್ನಿ. ಕಿವಿ ಕೇಳದೆ ಉತ್ತರ ಕೊಡದವರನ್ನು ಮರೆವಿನವರು ಅಂತ ಬರೆದುಬಿಟ್ಟ ಕಾಗದಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಥೆರಪಿಸ್ಟ್ ಸಿಗುವವರೆಗೆ ಮಾತಿಗೆ ನೀವೇ ಮಾಡಬಹುದಾದದ್ದು ತುಂಬಾ ಇದೆ, ಅಪಾಯವೂ ಇಲ್ಲ. ಟಿ.ವಿ. ಆರಿಸಿ, ಎದುರಿಗೆ ಕೂತು, ಒಂದು ಸಲಕ್ಕೆ ಒಂದೇ ವಿಷಯ ಕೇಳಿ. ‘ಏನು ಬೇಕು’ ಅಂತ ಕೇಳಬೇಡಿ, ಅದಕ್ಕೆ ಮಾತು ಹುಡುಕಬೇಕಾಗುತ್ತದೆ. ಹೊದಿಕೆ ಒಂದು ಕೈಯಲ್ಲಿ, ಬೀಸಣಿಗೆ ಇನ್ನೊಂದು ಕೈಯಲ್ಲಿ ಹಿಡಿದು ‘ಇದಾ, ಇದಾ’ ಅಂತ ಕೇಳಿ. ಕೇಳಿದ ಮೇಲೆ ಕಾಯಿರಿ, ನಿಮಗೆ ತುಂಬಾ ಹೊತ್ತಾಯಿತು ಅನ್ನಿಸುವಷ್ಟು ಕಾಯಿರಿ. ಹೌದು, ಅಲ್ಲ ಅನ್ನುವುದಕ್ಕೆ ಒಂದು ಗುರುತು ಗೊತ್ತು ಮಾಡಿಕೊಳ್ಳಿ, ಎಡಗೈ ಎತ್ತುವುದೋ, ಕಣ್ಣು ಮುಚ್ಚುವುದೋ, ಎಲ್ಲರೂ ಅದನ್ನೇ ಬಳಸಲಿ. ಅಮ್ಮ ಭಜನೆ ಹೇಳುತ್ತಿದ್ದರಾ? ಜೊತೆಗೆ ಕೂತು ಶುರು ಮಾಡಿ. ಒಂದು ಶಬ್ದ ಹೇಳಲು ಆಗದವರು ಹಾಡಿನ ಸಾಲನ್ನು ಪೂರ್ತಿ ಹೇಳುವುದುಂಟು, ಎಣಿಕೆ, ವಾರದ ಹೆಸರುಗಳೂ ಹಾಗೆಯೇ ಹೊರಗೆ ಬರುತ್ತವೆ. ಅದರಿಂದಲೇ ಮಾತು ಪೂರ್ತಿ ಮರಳುತ್ತದೆ ಅಂತ ಭರವಸೆ ಕೊಡುವುದಿಲ್ಲ, ಆದರೆ ಥೆರಪಿಗೆ ಹಿಡಿಯಲು ಒಂದು ತುದಿ ಸಿಗುತ್ತದೆ. ಮೊದಲ ತಿಂಗಳುಗಳಲ್ಲಿ ಸುಧಾರಣೆ ವೇಗವಾಗಿರುತ್ತದೆ, ನಿಜ. ಆದರೆ ವರ್ಷಗಳ ಮೇಲೂ ಬಿಡದೆ ಥೆರಪಿ ಮಾಡಿದವರಲ್ಲಿ ಭಾಷೆ ಸುಧಾರಿಸಿದೆ.

ನಾನು ಹೇಳುವ ಮುಖ್ಯ ಮಾತು ಇಲ್ಲಿದೆ. ಥೆರಪಿಸ್ಟ್ ವಾರಕ್ಕೆ ಒಂದು ಸಲವೋ ಎರಡು ಸಲವೋ ಬರಬಹುದು. ಊಟ ಕೊಡುವುದು, ಬಾಯಿ ಉಜ್ಜುವುದು, ಮಾತಾಡಿಸುವುದು ದಿನವಿಡೀ ಅಲ್ಲಿರುವ ಚೇಚಿ. ಆ ಚೇಚಿಗೆ ಕಲಿಸದೆ ಹೋದ ಥೆರಪಿಸ್ಟ್‌ಗೆ ನೀವು ಕೊಟ್ಟ ದುಡ್ಡು ದಂಡ. ಅವರು ಬರುವ ಹೊತ್ತಿಗೆ ಊಟ ಕೊಡುವವರು ಡ್ಯೂಟಿಯಲ್ಲಿ ಇರುವ ಹಾಗೆ ನೋಡಿಕೊಳ್ಳಿ. ಥೆರಪಿಸ್ಟ್ ಮಾಡಿ ತೋರಿಸಲಿ, ಆಮೇಲೆ ಚೇಚಿ ಮಾಡುವುದನ್ನು ಥೆರಪಿಸ್ಟ್ ನೋಡಲಿ. ನೆಟ್ಟಗೆ ಕೂರಿಸುವುದು, ತಾವೂ ಕೂತು ಕಣ್ಣಿನ ಮಟ್ಟದಲ್ಲಿ ಚಮಚ ತರುವುದು, ಬಾಯಲ್ಲಿದ್ದದ್ದು ಪೂರ್ತಿ ಹೋದ ಮೇಲೆ ಇನ್ನೊಂದು ಚಮಚ, ಬಲಗೆನ್ನೆಯೊಳಗೆ ಉಳಿದಿದೆಯಾ ಅಂತ ನೋಡುವುದು, ಊಟ ಆದ ಮೇಲೆ ಅರ್ಧ ಗಂಟೆ ಮಲಗಿಸದಿರುವುದು. ಗದ್ದ ಎದೆಗೆ ತಾಗಿಸಿ ನುಂಗಿಸುವುದನ್ನು ಯೂಟ್ಯೂಬ್ ನೋಡಿ ಎಲ್ಲರಿಗೂ ಮಾಡಿಸುತ್ತಾರೆ. ಅದು ಕೆಲವರಿಗೆ ಒಳ್ಳೆಯದು, ಕೆಲವರಿಗೆ ಕೆಟ್ಟದ್ದು, ಪರೀಕ್ಷೆ ಮಾಡಿದವರು ಹೇಳಿದರೆ ಮಾತ್ರ. ಇಷ್ಟನ್ನೂ ಒಂದು ಹಾಳೆಯಲ್ಲಿ ಕನ್ನಡ, ಮಲಯಾಳಂ ಎರಡರಲ್ಲೂ, ಚಿತ್ರದ ಜೊತೆ ಬರೆಸಿ ಮಂಚದ ಮೇಲೆ ಅಂಟಿಸಿ. ಕೆಳಗೆ ಮನೆಮಾತಿನ ಹತ್ತಿಪ್ಪತ್ತು ಮಾತು ಮಲಯಾಳಂ ಲಿಪಿಯಲ್ಲಿ ಬರೆದಿಡಿ, ಆಸರು, ನೋವು, ಮೂತ್ರ, ಸಾಕು, ಇಂಥವು. ಬೇಗ ಕಲಿತುಕೊಳ್ಳುತ್ತಾರೆ.

ನಿಮ್ಮ ಎಣ್ಮಕಜೆ ಪಂಚಾಯತಿನ ಕಡೆಯ ಮನೆಗಳಲ್ಲಿ ಇದರ ಅನುಭವ ಇಲ್ಲದಿಲ್ಲ. ಗೋಡಂಬಿ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿಯುವುದು 2000ದಲ್ಲಿ ನಿಂತಿತು. ಆದರೆ ಅದರಿಂದ ನೊಂದ ಮಕ್ಕಳನ್ನು ಮಡಿಲಲ್ಲಿ ಕೂರಿಸಿ, ಕುತ್ತಿಗೆಗೆ ಆಸರೆ ಕೊಟ್ಟು, ಚಮಚದಲ್ಲಿ ಉಣಿಸಿ ದೊಡ್ಡ ಮಾಡಿದ ತಾಯಂದಿರು ಅಲ್ಲಿದ್ದಾರೆ. ಯಾರೂ ಕಲಿಸದೆ ಅವರು ಕಂಡುಕೊಂಡದ್ದನ್ನು ನೋಡಿ ನಾನು ತುಂಬಾ ಕಲಿತಿದ್ದೇನೆ.

ಥೆರಪಿಸ್ಟ್‌ನ್ನು ಹುಡುಕುವಾಗ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಸಂಖ್ಯೆ ಕೇಳಿ, ಕೇಳಲು ಸಂಕೋಚ ಬೇಡ. ಆಮೇಲೆ, ‘ದೊಡ್ಡವರ ನುಂಗುವ ತೊಂದರೆ ನೋಡುತ್ತೀರಾ’ ಅಂತ ಬಿಡಿಸಿ ಕೇಳಿ. ನಮ್ಮಲ್ಲಿ ಹೆಚ್ಚಿನವರು ಮಕ್ಕಳ ಮಾತು, ಕಿವಿ ಪರೀಕ್ಷೆ ಮಾಡುವವರು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ವಿದ್ಯೆಗೆ ನಮ್ಮ ದೇಶದ ದೊಡ್ಡ ಕೇಂದ್ರ, ತಿರುವನಂತಪುರದಲ್ಲಿ ನಿಶ್ ಅನ್ನುವ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿ ಓದಿದವರು ಮಂಗಳೂರು, ಕಾಸರಗೋಡು, ಕಣ್ಣೂರಿನಲ್ಲೂ ಸಿಗುತ್ತಾರೆ. ನಿಮ್ಮ ಪಂಚಾಯತಿನ ಪಾಲಿಯೇಟಿವ್ (ಹಾಸಿಗೆ ಹಿಡಿದವರ ನೋವು, ಕಷ್ಟ ಕಡಿಮೆ ಮಾಡುವ ಆರೈಕೆ) ನರ್ಸ್ ಹತ್ತಿರವೂ ಮಾತಾಡಿ. ಕೇರಳ 2008ರಲ್ಲೇ ಪಾಲಿಯೇಟಿವ್ ನೀತಿ ತಂದ ರಾಜ್ಯ, ಮನೆಮನೆಗೆ ಹೋಗುವ ನರ್ಸ್‌ಗಳಿಗೆ ಯಾರು ಎಲ್ಲಿದ್ದಾರೆ ಅಂತ ಗೊತ್ತಿರುತ್ತದೆ, ಅಮ್ಮನನ್ನು ಮುಂದೆ ಮನೆಗೆ ತಂದರೆ ಟ್ಯೂಬ್ ಬದಲಿಸಲೂ ಅವರೇ ಬೇಕು. ಮಾತು ಶಾಶ್ವತವಾಗಿ ಹೋದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅಫೇಸಿಯಾದಿಂದ ಬರುವ ಮಾತು ಮತ್ತು ಭಾಷೆಯ ತೊಂದರೆಯೂ ಸೇರಿದೆ, ಸರ್ಟಿಫಿಕೇಟ್‌ಗೆ ಅರ್ಜಿ ಹಾಕಬಹುದು.

ಪರೀಕ್ಷೆ ಆದ ಮೇಲೆ ‘ಬಾಯಿಂದ ಪೂರ್ತಿ ಊಟ ಸದ್ಯಕ್ಕೆ ಬೇಡ’ ಅಂತಲೇ ಉತ್ತರ ಬರಬಹುದು, ಅದಕ್ಕೂ ತಯಾರಿರಿ. ಆಗಲೂ ಬಾಗಿಲು ಮುಚ್ಚುವುದಿಲ್ಲ. ಟ್ಯೂಬಿನಲ್ಲಿ ಪೋಷಣೆ ಕೊಡುತ್ತಾ, ದಿನಕ್ಕೆ ಕೆಲವು ಚಮಚ ರುಚಿಗೆ, ನುಂಗುವ ಅಭ್ಯಾಸಕ್ಕೆ ಕೊಡುವ ಕ್ರಮ ಇದೆ. ಟ್ಯೂಬ್ ಇನ್ನೂ ತುಂಬಾ ದಿನ ಬೇಕು ಅಂತಾದರೆ ಮೂಗಿನದ್ದು ತೆಗೆದು ಹೊಟ್ಟೆಗೆ ನೇರ ಹಾಕುವ ಪೆಗ್ ಟ್ಯೂಬ್ ಬಗ್ಗೆ ಡಾಕ್ಟರ್ ಹತ್ತಿರ ಕೇಳಿ, ಮೂಗು ಗಂಟಲಿಗೆ ಹಿಂಸೆ ಕಡಿಮೆ. ಇದೇ ಉತ್ತರವನ್ನು ಮರೆವಿನ ಕಾಯಿಲೆಯ ಕೊನೆ ಹಂತದಲ್ಲಿರುವವರ ಮನೆಯವರೂ ಓದಬಹುದು, ಅವರಿಗೆ ಒಂದು ಮಾತು: ಆ ಹಂತದಲ್ಲಿ ಟ್ಯೂಬ್ ಹಾಕಿದರೆ ಆಯುಷ್ಯ ಹೆಚ್ಚುತ್ತದೆ, ನ್ಯುಮೋನಿಯಾ ತಪ್ಪುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಕೈಯಿಂದ ನಿಧಾನವಾಗಿ, ಅವರು ಇಷ್ಟಪಟ್ಟಷ್ಟು ಉಣಿಸುವುದನ್ನೇ ಅಮೆರಿಕದ ವೃದ್ಧಾಪ್ಯ ವೈದ್ಯರ ಸಂಘವೂ ಹೇಳುತ್ತದೆ. ನಿಮ್ಮ ಅಮ್ಮನ ಸ್ಥಿತಿ ಅದಲ್ಲ.

ತಂಗಿಗೆ ಅಲ್ಲಿಂದಲೇ ಸಹಾಯ ಮಾಡಬೇಕು ಅಂತ ಇದ್ದರೆ ದಿನಾ ವಿಡಿಯೋ ಕಾಲ್‌ನಲ್ಲಿ ಹವ್ಯಕದಲ್ಲೇ ಮಾತಾಡಲಿ, ಅದು ದೊಡ್ಡ ಸಹಾಯ. ನುಂಗುವುದನ್ನು ಮಾತ್ರ ಪರದೆಯ ಮೇಲೆ ನೋಡಿ ತೀರ್ಮಾನಿಸಬೇಡಿ, ಒಂದು ಸಲವಾದರೂ ಕೈ ಮುಟ್ಟಿ ನೋಡುವವರು ಬೇಕು. ಅಲ್ಲಿಯವರೆಗೆ ಬಾಯಿಗೆ ಏನೂ ಕೊಡಬೇಡಿ, ಪಾಪ ಅಂತ ಯಾರೂ ಕದ್ದು ಕಾಫಿ ಕೊಡದ ಹಾಗೆಯೂ ಹೇಳಿಡಿ. ಜ್ವರ ಬಂದರೆ, ಉಸಿರು ವೇಗವಾದರೆ, ಕಫದ ಬಣ್ಣ ಬದಲಾದರೆ ಥೆರಪಿಸ್ಟ್‌ಗೆ ಕಾಯಬೇಡಿ, ಅದೇ ದಿನ ಡಾಕ್ಟರ್‌ಗೆ ತೋರಿಸಿ. ಡಿಸ್ಚಾರ್ಜ್ ಸಮ್ಮರಿ, ಮೆದುಳಿನ ಸ್ಕ್ಯಾನ್ ವರದಿ, ಈಗ ಕೊಡುತ್ತಿರುವ ಮಾತ್ರೆಗಳ ಪಟ್ಟಿ, ಇಷ್ಟನ್ನು ಒಂದು ಫೈಲಿನಲ್ಲಿ ಹಾಕಿ ಅಮ್ಮನ ಹತ್ತಿರವೇ ಇಡಿ, ನೀವು ಇಲ್ಲದ ದಿನ ಥೆರಪಿಸ್ಟ್ ಬಂದರೂ ಕೆಲಸ ನಿಲ್ಲುವುದಿಲ್ಲ.